ಸಹಿ ಹಾಕಿಸಿಕೊಂಡರೆ ಟ್ರೇನಿಂಗ್ ಆಯ್ತಾ?

ಹೋದ ತಿಂಗಳು ಪೀಣ್ಯದ ಒಂದು ಫ್ಯಾಕ್ಟರಿಗೆ ಪಾಶ್ ಟ್ರೇನಿಂಗ್ ಕೊಡಲು ಹೋಗಿದ್ದೆ. ಪಾಶ್ ಅಂದರೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ. ಈ ಕಾಯ್ದೆ ಏನು ಹೇಳುತ್ತೆ ಅಂತ ಫ್ಯಾಕ್ಟರಿಗಳಿಗೆ ಹೋಗಿ ತಿಳಿಸುವುದು, ಕೆಲವು ಕಡೆ ದೂರು ಕೇಳುವ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ಕೂರುವುದು ನನ್ನ ಕೆಲಸ.

ಮಧ್ಯಾಹ್ನ ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಟ್ರೇನಿಂಗ್. ನಾನು ಹೋಗುವಷ್ಟರಲ್ಲಿ ಎಚ್‌ಆರ್ ಹುಡುಗ ಅಟೆಂಡೆನ್ಸ್ ಶೀಟ್ ಹಿಡಿದು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದ. ಶೀಟಿನ ಮೇಲ್ಗಡೆ ಇಂಗ್ಲಿಷಿನಲ್ಲಿ ಎರಡು ಸಾಲು. ಈ ಕಾಯ್ದೆಯ ಬಗ್ಗೆ ನನಗೆ ಪೂರ್ತಿ ತಿಳಿಸಿದ್ದಾರೆ, ನನಗೆ ಅರ್ಥವಾಗಿದೆ ಅಂತ. ನಾನಿನ್ನೂ ಬ್ಯಾಗ್ ಕೂಡ ಕೆಳಗಿಟ್ಟಿರಲಿಲ್ಲ. ಒಬ್ಬ ಹೆಲ್ಪರ್ ಹೆಂಗಸು ಹೆಬ್ಬೆಟ್ಟು ಒತ್ತಿದರು, ಬೆರಳಿನ ಶಾಯಿಯನ್ನು ಬೆಂಚಿನ ಅಡಿಗೆ ಒರೆಸಿದರು, ಮತ್ತೆ ಕೈ ಕಟ್ಟಿ ಕೂತರು. ಏನಕ್ಕೆ ಹೆಬ್ಬೆಟ್ಟು ಅಂತ ಅವರೂ ಕೇಳಲಿಲ್ಲ, ಆ ಹುಡುಗನೂ ಹೇಳಲಿಲ್ಲ.

ನಾನು ಶೀಟ್ ವಾಪಸ್ ಇಸ್ಕೊಂಡೆ. ಟ್ರೇನಿಂಗ್ ಮುಗಿದ ಮೇಲೆ ಹಾಕಿಸಿ ಅಂದೆ. ಹುಡುಗನಿಗೆ ಗಾಬರಿ. "ಮೇಡಂ, ಮುಗಿಯೋಷ್ಟರಲ್ಲಿ ಅರ್ಧ ಜನ ಲೈನಿಗೆ ಹೋಗ್ಬಿಡ್ತಾರೆ, ಆಮೇಲೆ ಆಡಿಟಿಗೆ ಏನು ತೋರಿಸಲಿ" ಅಂದ. ಅವನನ್ನು ಬೈದು ಏನು ಪ್ರಯೋಜನ. ಅವನಿಗೆ ಹೇಳಿಕೊಟ್ಟಿರುವುದೇ ಅಷ್ಟು. ಮಾಲು ಕೊಳ್ಳುವ ಬಯರ್ ಕಡೆಯವರು ಆಡಿಟಿಗೆ ಬಂದಾಗ ಫೈಲಿನಲ್ಲಿ ಒಂದು ಶೀಟ್, ಎರಡು ಫೋಟೋ ಇರಬೇಕು.

ಟ್ರೇನಿಂಗ್ ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಂತರು. ಹೌಸ್‌ಕೀಪಿಂಗಿನವರು, ನೀಲಿ ಕೋಟು. "ನಾವು ಕಂಪನಿಯವರಲ್ಲ ಅಕ್ಕ, ಏಜೆನ್ಸಿಯವರು. ನಮಗೂ ಇದು ಬರುತ್ತಾ?"

ಬರುತ್ತೆ. ಕಾಯಂ ನೌಕರರು, ದಿನಗೂಲಿ, ಗುತ್ತಿಗೆ, ಟ್ರೇನಿ, ಸಂಬಳವಿಲ್ಲದೆ ಕೆಲಸ ಕಲಿಯಲು ಬಂದವರು ಕೂಡ ಈ ಕಾಯ್ದೆಯೊಳಗೆ ಬರುತ್ತಾರೆ. ಕಂಪನಿ ಕಳಿಸುವ ಬಸ್ಸು, ಟೆಂಪೋ ಟ್ರಾವೆಲರ್ ಕೂಡ ಕೆಲಸದ ಜಾಗವೇ. ಅದನ್ನೆಲ್ಲ ಹೇಳಿದೆ. ಅವರು ತಲೆ ಆಡಿಸಿ ಕೂತರು. ಆ ಫ್ಯಾಕ್ಟರಿಯಲ್ಲಿ ಅವರು ಕೆಲಸಕ್ಕೆ ಸೇರಿ ಆರು ವರ್ಷ. ವರ್ಷಕ್ಕೊಂದು ಟ್ರೇನಿಂಗ್ ಆಗಿದೆ ಅಂತ ಫೈಲು ಹೇಳುತ್ತೆ. ಆರು ವರ್ಷದಲ್ಲಿ ಯಾರೂ ಅವರಿಗೆ ಈ ಒಂದು ಮಾತು ಹೇಳಿಲ್ಲ ಅಂದರೆ ಆ ಫೈಲಿನಲ್ಲಿ ಇರುವುದಾದರೂ ಏನು?

ಈ ಕಾನೂನು ಎಸಿ ಆಫೀಸಿನ ಹೆಣ್ಣುಮಕ್ಕಳಿಗೆ, ಐಟಿಯವರಿಗೆ ಅನ್ನುವ ಭಾವನೆ ಓನರ್‌ಗಳಲ್ಲಿ ಮಾತ್ರ ಅಲ್ಲ, ಕಾರ್ಮಿಕರಲ್ಲೂ ಇದೆ. ಅದಕ್ಕೇ ನಾನು ಪ್ರತಿ ಸಲ ಭಂವರಿ ದೇವಿಯವರಿಂದಲೇ ಶುರು ಮಾಡುತ್ತೇನೆ. ರಾಜಸ್ಥಾನದ ಭಟೇರಿ ಅನ್ನುವ ಹಳ್ಳಿಯ, ಕುಂಬಾರ ಮನೆತನದ ಹೆಂಗಸು. ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ಮನೆಮನೆಗೆ ಹೋಗುತ್ತಿದ್ದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನಪಿಸಿಕೊಳ್ಳಿ, ಹಾಗೆ. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. 1992ರಲ್ಲಿ ಹಸುಗೂಸಿನ ಮದುವೆಯೊಂದನ್ನು ತಡೆಯಲು ಹೋಗಿದ್ದಕ್ಕೆ ಅವರ ಮೇಲೆ ಗುಂಪು ಅತ್ಯಾಚಾರ ಆಯಿತು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಕೆಲಸ ಮಾಡಿದ್ದಕ್ಕೇ ಒಬ್ಬ ಹೆಂಗಸಿಗೆ ಹೀಗಾದರೆ ಕೆಲಸ ಕೊಟ್ಟವರ ಜವಾಬ್ದಾರಿ ಏನು ಅಂತ ಕೇಳಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು, ಕೆಲಸದ ಜಾಗದ ಕಿರುಕುಳ ತಡೆಯಲು ಮಾರ್ಗಸೂಚಿ ಹಾಕಿಕೊಟ್ಟ ವಿಶಾಖಾ ತೀರ್ಪು ಬಂತು. ಅದು ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು.

ಇದನ್ನು ಹೇಳುವಾಗ ಕ್ಯಾಂಟೀನು ಸುಮ್ಮನಾಗುತ್ತೆ. ಲೈನಿನ ಹೆಣ್ಣುಮಕ್ಕಳಿಗೆ ಈ ಕಾನೂನು ತಮ್ಮಂಥವರಿಂದಲೇ ಬಂದದ್ದು ಅಂತ ಗೊತ್ತಾಗಬೇಕು. ಸೆಕ್ಷನ್ ನಂಬರ್ ಗೊತ್ತಾಗದಿದ್ದರೂ ಪರವಾಗಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. 2015. ನಾನಾಗ ಒಂದು ಗಾರ್ಮೆಂಟ್ಸಿನಲ್ಲಿ ಎಚ್‌ಆರ್ ಅಸಿಸ್ಟೆಂಟ್. ಕಾಯ್ದೆ ಬಂದು ಎರಡು ವರ್ಷ ಆಗಿತ್ತು, ನನ್ನ ಹತ್ತಿರ ಅದರ ಟ್ರೇನಿಂಗ್ ಸರ್ಟಿಫಿಕೇಟೂ ಇತ್ತು. ಚೆಕಿಂಗ್ ಸೆಕ್ಷನ್ನಿನ ಒಬ್ಬ ಹೆಣ್ಣುಮಗಳು ಊಟದ ಹೊತ್ತಲ್ಲಿ ಬಂದು ಬಾಗಿಲ ಹತ್ತಿರ ನಿಂತರು. ಸೂಪರ್‌ವೈಸರ್ ಬಗ್ಗೆ ಹೇಳಿದರು. ನಾನು ಏನಂದೆ ಗೊತ್ತಾ? "ಬರೆದು ಕೊಡಮ್ಮ, ಬರೆದು ಕೊಟ್ಟರೆ ಮಾತ್ರ ಮುಂದಕ್ಕೆ ತಗೊಳ್ಳೋಕಾಗೋದು." ಅವರಿಗೆ ಬರೆಯಲು ಬರುತ್ತಿರಲಿಲ್ಲ. ಆಯ್ತು ಮೇಡಂ ಅಂದು ಹೋದರು. ಮರುದಿನ ಬಂದರು, ಅದರ ಮರುದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ನಮ್ಮ ರಿಜಿಸ್ಟರಿನಲ್ಲಿ 'ಕೆಲಸ ಬಿಟ್ಟರು' ಅಂತ ಬರೆದುಕೊಂಡೆವು.

ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ಬರೆದು ಕೊಡಲು ಆಗದವರಿಗೆ ದೂರು ಬರೆಯಲು ಸಮಿತಿಯವರೇ ಸಹಾಯ ಮಾಡಬೇಕು. ಅದು ನನಗೆ ಗೊತ್ತಿರಲಿಲ್ಲ. ನನಗಾದ ಟ್ರೇನಿಂಗಿನಲ್ಲಿ ದಂಡ ಎಷ್ಟು, ವಾರ್ಷಿಕ ವರದಿ ಯಾವಾಗ ಕಳಿಸಬೇಕು ಅಂತ ಹೇಳಿದ್ದರು. ಬಾಗಿಲಲ್ಲಿ ಒಬ್ಬರು ಬಂದು ನಿಂತಾಗ ಏನು ಮಾಡಬೇಕು ಅಂತ ಹೇಳಿರಲಿಲ್ಲ. ಅವರು ಈಗ ಎಲ್ಲಿದ್ದಾರೋ. ಅವರ ಮುಖ ಈಗಲೂ ಕಣ್ಣ ಮುಂದಿದೆ.

ಇಷ್ಟು ವರ್ಷದ ಮೇಲೆ ನಾನು ಗಟ್ಟಿಯಾಗಿ ಹೇಳುವುದು ಒಂದೇ. ನಾವು ತಪ್ಪು ಜನರನ್ನು ಕೂರಿಸಿ ಪಾಠ ಮಾಡುತ್ತಿದ್ದೇವೆ. ಇನ್ನೂರು ಜನ ಹೆಲ್ಪರ್, ಟೈಲರ್‌ಗಳನ್ನು ಕೂರಿಸಿ 'ಧೈರ್ಯವಾಗಿ ದೂರು ಕೊಡಿ' ಅನ್ನುತ್ತೇವೆ. ಓನರ್ ಬಂದು ದೀಪ ಹಚ್ಚಿ ಹೋಗುತ್ತಾರೆ. ಸೂಪರ್‌ವೈಸರ್‌ಗಳು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಾರೆ, ಟಾರ್ಗೆಟ್ ಹೋಯ್ತು ಅಂತ. ಮೊದಲು ಕೂರಬೇಕಾದವರು ಆ ಇಬ್ಬರು.

ಲೈನ್ ಸೂಪರ್‌ವೈಸರ್ ಕೈಯಲ್ಲಿ ಏನೇನಿದೆ ನೋಡಿ. ರಜೆ ಕೊಡುವುದು ಅವನು. ಓಟಿ, ಅಂದರೆ ಓವರ್‌ಟೈಮ್, ಯಾರಿಗೆ, ಯಾರಿಗಿಲ್ಲ ಅನ್ನುವುದು ಅವನು. ಬೇಗ ಹೋಗಬೇಕಾದರೆ ಗೇಟ್ ಪಾಸಿಗೆ ಸಹಿ ಅವನದು. ಯಾರನ್ನು ಸುಲಭದ ಮೆಷಿನ್ನಿಗೆ ಹಾಕಬೇಕು ಅನ್ನುವುದೂ ಅವನೇ. ಮಗುವಿಗೆ ಜ್ವರ ಅಂತ ಬೇಗ ಹೋಗಬೇಕಾದ ತಾಯಿ ಅವನ ಮೇಲೆ ದೂರು ಕೊಡಲಿ ಅಂತ ನಾವು ಹೇಗೆ ಹೇಳುವುದು? ಅವನಿಗೂ ಮೇಲಿನಿಂದ ಒತ್ತಡ ಇದೆ. ಗಂಟೆಗೆ ಇಷ್ಟು ಪೀಸು ಅಂತ ಫ್ಲೋರ್ ಇನ್‌ಚಾರ್ಜ್ ಅವನಿಗೆ ಬೈದರೆ ಅವನು ಇವರಿಗೆ ಬೈಯುತ್ತಾನೆ. ಬೈಗುಳ ಅಭ್ಯಾಸವಾದ ಕಡೆ ಭುಜದ ಮೇಲೆ ಕೈ ಇಡುವುದೂ ಅಭ್ಯಾಸವಾಗುತ್ತೆ. ಇದು ನಾನು ಕಣ್ಣಾರೆ ಕಂಡದ್ದು.

ಸೂಪರ್‌ವೈಸರ್‌ಗಳನ್ನು ಬೇರೆ ಕೂರಿಸಿದಾಗ ನಾನು ಸ್ಲೈಡ್ ತೋರಿಸುವುದಿಲ್ಲ. ಒಂದೊಂದು ಹಾಳೆ ಕೊಡುತ್ತೇನೆ. ನಿಮ್ಮ ಲೈನಿನ ಹುಡುಗಿ ಬಂದು 'ಪಕ್ಕದ ಲೈನಿನ ಸೂಪರ್‌ವೈಸರ್ ಹೀಗೆ ಮಾಡಿದರು' ಅಂದರೆ ನೀವೇನು ಮಾಡ್ತೀರಿ, ಬರೀರಿ ಅನ್ನುತ್ತೇನೆ. ಹೆಸರು ಬರೆಯುವುದು ಬೇಡ. ಜಾಸ್ತಿ ಜನ ಬರೆಯುವುದು ಒಂದೇ ಉತ್ತರ. ಇಬ್ಬರನ್ನೂ ಕರೆಸಿ, ಬುದ್ಧಿ ಹೇಳಿ, ರಾಜಿ ಮಾಡಿಸ್ತೀನಿ.

ಅವರು ಕೆಟ್ಟವರಲ್ಲ. ಊರಲ್ಲಿ ಹಿರಿಯರು ಕಟ್ಟೆ ಮೇಲೆ ಕೂತು ಜಗಳ ಬಿಡಿಸುವುದನ್ನು ನೋಡಿಕೊಂಡು ಬೆಳೆದವರು. ನಾಲ್ಕು ಗೋಡೆ ಮಧ್ಯೆ ಮುಗಿದರೆ ಹುಡುಗಿ ಮಾನವೂ ಉಳಿಯಿತು ಅಂತ ನಿಜವಾಗಿ ನಂಬಿದ್ದಾರೆ. ಅಲ್ಲಿಂದ ನಾನು ಶುರು ಮಾಡಬೇಕು. ರಾಜಿ ಅನ್ನುವುದು ಕಾಯ್ದೆಯಲ್ಲೂ ಇದೆ. ಆದರೆ ವಿಚಾರಣೆಗೆ ಮುಂಚೆ, ಆ ಹೆಣ್ಣುಮಗಳೇ ಕೇಳಿದರೆ ಮಾತ್ರ. ಮಾಡಿಸುವುದು ಸಮಿತಿ, ಸೂಪರ್‌ವೈಸರ್ ಅಲ್ಲ. ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ರಾಜಿ ಅಂತೂ ಇಲ್ಲವೇ ಇಲ್ಲ. ತಪ್ಪು ಮಾಡಿದವನ ಎದುರಿಗೇ ಅವಳನ್ನು ನಿಲ್ಲಿಸಿ 'ಏನಾಯ್ತು ಹೇಳು' ಅಂದರೆ ಅವಳು ಏನು ಹೇಳಿಯಾಳು? ಈ ಮಾತಿಗೆ ರೂಮಿನಲ್ಲಿ ಯಾರಾದರೂ ಒಬ್ಬರು ತಲೆ ತಗ್ಗಿಸುತ್ತಾರೆ. ಮುಂಚೆ ಹಾಗೆ ಮಾಡಿದ್ದು ನೆನಪಾಗಿರುತ್ತೆ.

ಆಮೇಲೆ ಎಲ್ಲ ಕಡೆ ಬರುವ ಪ್ರಶ್ನೆ, "ಸುಳ್ಳು ದೂರು ಕೊಟ್ಟರೆ?" ಗೊತ್ತಿದ್ದೂ ಸುಳ್ಳು ಹೇಳಿದ್ದು ಸಾಬೀತಾದರೆ ಕ್ರಮ ಇದೆ. ಆದರೆ ಸಾಕ್ಷಿ ಸಿಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳು ಅಂತ ಅಲ್ಲ. ಕಾಯ್ದೆಯೇ ಹಾಗೆ ಹೇಳುತ್ತೆ. ಸ್ಟೋರ್ ರೂಮಿನಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಈ ಪ್ರಶ್ನೆಗೆ ನಾನು ಸಿಟ್ಟಾಗುವುದಿಲ್ಲ. ಹೆದರಿಕೆ ಇರುವವರಿಗೆ ಉತ್ತರ ಕೊಡಬೇಕು.

ಓನರ್‌ಗಳ ಮಾತು ಬೇರೆ. "ನಮ್ಮಲ್ಲಿ ಒಂದೂ ದೂರಿಲ್ಲ ಮೇಡಂ, ಎಲ್ಲ ಮನೆಯವರ ಹಾಗೆ ಇದ್ದೇವೆ, ಸುಮ್ನೆ ಸರ್ಟಿಫಿಕೇಟ್ ಕೊಟ್ಬಿಡಿ." ಇಂಥ ಒಬ್ಬರ ಹತ್ತಿರ ನೋಟಿಸ್ ಬೋರ್ಡ್ ತೋರಿಸಿ ಅಂದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಎಲ್ಲ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರ ವಿವರ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಬೋರ್ಡ್ ಇತ್ತು, ಅಡ್ಮಿನ್ ಬ್ಲಾಕಿನ ಮೊದಲ ಮಹಡಿಯಲ್ಲಿ. ಲೈನಿನವರು ಆ ಮೆಟ್ಟಿಲು ಹತ್ತುವುದೇ ಇಲ್ಲ. ನೋಟಿಸ್ ಪೂರ್ತಿ ಇಂಗ್ಲಿಷು. ಅಧ್ಯಕ್ಷೆ ಅಂತ ಹೆಸರಿದ್ದವರು ಕೆಲಸ ಬಿಟ್ಟು ಎರಡು ವರ್ಷ. ಹೊರಗಿನ ಸದಸ್ಯರ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಚಾಲ್ತಿಯಲ್ಲಿಲ್ಲ ಅಂತ ಬಂತು. ಓನರ್ ನನ್ನ ಪಕ್ಕದಲ್ಲೇ ಇದ್ದರು. ದೂರು ಯಾಕಿಲ್ಲ ಅಂತ ನಾನೇನೂ ವಿವರಿಸಬೇಕಾಗಲಿಲ್ಲ.

ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಮತ್ತೆ ಅದೇ ತಪ್ಪಾದರೆ ಎರಡರಷ್ಟು, ಲೈಸೆನ್ಸೇ ಹೋಗಬಹುದು. ಇದನ್ನು ಹೇಳಿದ ತಕ್ಷಣ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಹಾಗಂತ ಬರೀ ದಂಡದ ಹೆದರಿಕೆ ಹುಟ್ಟಿಸುವ ಟ್ರೇನಿಂಗ್ ನನಗೆ ಇಷ್ಟವಿಲ್ಲ. ದಂಡಕ್ಕೆ ಹೆದರಿದವರು ಫೈಲು ಸರಿ ಮಾಡುತ್ತಾರೆ ಅಷ್ಟೇ.

ಪೀಣ್ಯದಲ್ಲಿ ಐದಾರು ಜನ ಇರುವ ಶೆಡ್‌ಗಳು ಲೆಕ್ಕವಿಲ್ಲದಷ್ಟಿವೆ. ಒಂದು ಲೇತು, ಒಂದು ಪ್ರೆಸ್ಸು, ಪ್ಯಾಕಿಂಗಿಗೆ ಇಬ್ಬರು ಹೆಂಗಸರು. ಅವರು ಎಲ್ಲಿಗೆ ಹೋಗಬೇಕು? ಜಿಲ್ಲೆಯ ಸ್ಥಳೀಯ ಸಮಿತಿಗೆ. ಓನರ್ ಮೇಲೆಯೇ ದೂರಿದ್ದರೂ ಅಲ್ಲಿಗೇ. ಕಾಯ್ದೆ ಬಂದು ಹನ್ನೊಂದು ವರ್ಷವಾದರೂ ಎಷ್ಟೋ ಕಡೆ ಈ ವ್ಯವಸ್ಥೆ ಸರಿಯಾಗಿಲ್ಲ ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಗಡುವು ಹಾಕಿ ರಾಜ್ಯಗಳಿಗೆ ಹೇಳಬೇಕಾಯಿತು. ಕೆಲಸಗಾರರಿಗೆ ಬಿಡಿ, ಶೆಡ್ ನಡೆಸುವವರಿಗೇ ಹೀಗೊಂದು ಸಮಿತಿ ಇದೆ ಅಂತ ಗೊತ್ತಿಲ್ಲ. ಆ ಸಣ್ಣವರಿಗೆ ಟ್ರೇನಿಂಗ್ ಕೊಡುವವರು ಯಾರೂ ಇಲ್ಲ, ಫೀಸ್ ಕೊಡಲು ಅವರ ಹತ್ತಿರ ದುಡ್ಡಿಲ್ಲ. ಕೈಗಾರಿಕಾ ಸಂಘಗಳು ಇದನ್ನು ಕೈಗೆತ್ತಿಕೊಳ್ಳಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಲೇ ಇದ್ದೇನೆ.

2025ರ ನವೆಂಬರ್ 21ರಂದು ಕೂಲಿ, ಕೆಲಸದ ಷರತ್ತು ಇತ್ಯಾದಿಗಳ ಬಗೆಗಿನ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನನಗೆ ಫೋನುಗಳು ಜಾಸ್ತಿಯಾಗಿವೆ. 29 ಹಳೆ ಕಾನೂನುಗಳು ಸೇರಿ ನಾಲ್ಕಾಗಿವೆ, ಎಲ್ಲರಿಗೂ ಗೊಂದಲ. "ಅದಕ್ಕೊಂದು ದಿನ, ಪಾಶ್‌ಗೊಂದು ದಿನ ಬೇರೆ ಬೇರೆ ಮಾಡಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಪಾಯಿಂಟ್‌ಮೆಂಟ್ ಲೆಟರೇ ಇಲ್ಲದ ಹೆಂಗಸು ಕಿರುಕುಳದ ದೂರು ಹೇಗೆ ಕೊಟ್ಟಾಳು? ನೀನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂದರೆ ಮುಗೀತು. ಓಟಿಗೆ ಎರಡರಷ್ಟು ಕೂಲಿ ಕೊಡಬೇಕು ಅಂತಿದೆ. ಆ ಲೆಕ್ಕ ಸೂಪರ್‌ವೈಸರನ ಜೇಬಿನ ಪುಸ್ತಕದಲ್ಲಿದ್ದರೆ ಅವನ ಮಾತು ಮೀರುವವರು ಯಾರು? ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತ ಈಗ ಕಾನೂನಿದೆ. ಆ 2015ರ ಹೆಣ್ಣುಮಗಳು ತನ್ನ ಕೊನೆಯ ತಿಂಗಳ ಸಂಬಳ ಕೇಳಲೂ ವಾಪಸ್ ಬರಲಿಲ್ಲ. ಸಂಬಳದ ಮಾತು, ಮರ್ಯಾದೆಯ ಮಾತು ಅವರ ಬದುಕಿನಲ್ಲಿ ಬೇರೆ ಬೇರೆ ಅಲ್ಲ. ನಾವು ಯಾಕೆ ಬೇರೆ ಮಾಡಬೇಕು?

ಈಗ ಯಾರೇ ಕರೆದರೂ ನಾನು ಮೊದಲೇ ಕೆಲವು ಮಾತು ಹೇಳುತ್ತೇನೆ. ಓನರ್ ಪೂರ್ತಿ ಹೊತ್ತು ಕೂರಬೇಕು. ಸೂಪರ್‌ವೈಸರ್‌ಗಳಿಗೆ ಬೇರೆ ದಿನ ಬೇಕು. ಕೆಲಸದ ಹೊತ್ತಲ್ಲೇ ನಡೆಯಬೇಕು, ಆ ಗಂಟೆಯ ಟಾರ್ಗೆಟ್ ಇಳಿಸಬೇಕು. ಕನ್ನಡದಲ್ಲಿ ಹೇಳುತ್ತೇನೆ. ಒಡಿಶಾ, ಜಾರ್ಖಂಡಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರಿದ್ದರೆ ಅವರ ಭಾಷೆ ಬಲ್ಲವರನ್ನು ಕರೆಸಬೇಕು. ಟ್ರೇನಿಂಗ್ ಮುಗಿದ ವಾರದ ಮೇಲೆ ನಾನು ಮತ್ತೆ ಬಂದು ಗೇಟಿನ ಹತ್ತಿರ ಹತ್ತು ಜನರನ್ನು ಕೇಳುತ್ತೇನೆ, ತೊಂದರೆಯಾದರೆ ಯಾರಿಗೆ ಹೇಳ್ತೀರಿ ಅಂತ. ಹೆಸರು ಬರದಿದ್ದರೆ ಟ್ರೇನಿಂಗ್ ಮತ್ತೊಮ್ಮೆ, ಫೀಸ್ ಇಲ್ಲದೆ. ಇಷ್ಟು ಹೇಳಿದ ಮೇಲೆ ಕೆಲವರು ವಾಪಸ್ ಫೋನ್ ಮಾಡುವುದಿಲ್ಲ. ಹೋಗಲಿ ಬಿಡಿ.

ಮೊದಲು ಹೇಳಿದೆನಲ್ಲ, ಆ ಫ್ಯಾಕ್ಟರಿಯವರು ಒಪ್ಪಿದ್ದಾರೆ. ನೋಟಿಸನ್ನು ಕನ್ನಡದಲ್ಲಿ ಬರೆಸಿ ಹೆಂಗಸರ ಟಾಯ್ಲೆಟ್ಟಿನ ಬಾಗಿಲ ಒಳಗಡೆ ಅಂಟಿಸಿದ್ದಾರೆ. ಅಲ್ಲಾದರೆ ಯಾರು ಓದುತ್ತಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಆ ಹೌಸ್‌ಕೀಪಿಂಗಿನ ಅಕ್ಕ ಕೊಟ್ಟ ಸಲಹೆ ಅದು. ಏಜೆನ್ಸಿಯವರ ಎಲ್ಲ ಶಿಫ್ಟಿಗೂ ಟ್ರೇನಿಂಗ್ ಆಗಬೇಕು ಅಂದಿದ್ದೇನೆ. ರಾತ್ರಿ ಶಿಫ್ಟಿನವರಿಗೆ ಎಷ್ಟು ಗಂಟೆಗೆ ಬರಲಿ ಅಂತ ಸೋಮವಾರ ಮೆಸೇಜ್ ಹಾಕಿದ್ದೆ. ಇವತ್ತು ಗುರುವಾರ, ಇನ್ನೂ ಉತ್ತರ ಬಂದಿಲ್ಲ. ನಾಳೆ ನಾನೇ ಹೋಗಿ ಕೇಳುತ್ತೇನೆ.