ನೆಟ್‌ವರ್ಕಿಂಗ್ ಟೀ, 4.10ರಿಂದ 4.30

ನಿನ್ನೆ ನನ್ನ ತಲೆ ಮೇಲೆ ಒಂದು ಮೈಸೂರು ಪೇಟ ಕೂತಿತು. ಫೋಟೋ ನೋಡಿ ರಾತ್ರಿಯೆಲ್ಲ ಶುಭಾಶಯ ಹೇಳಿದ್ದೀರಿ. ಸಂತೋಷ. ಆದರೆ ಆ ಫೋಟೋದಲ್ಲಿ ಹಲ್ಲು ಬಿಟ್ಟಿದ್ದೇನಲ್ಲ, ಅದು ನಗು ಅಲ್ಲ. ಎದುರಿನ ಗೋಡೆ ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದೆ.

ಮೈಸೂರಿನದೇ ಒಂದು ಇಂಜಿನಿಯರಿಂಗ್ ಕಾಲೇಜು. ಹೆಸರು ಬೇಡ. ಅಲ್ಲಿ ವಿದ್ಯಾರ್ಥಿಗಳಿಗೆ ಅಂತ ಸ್ಟಾರ್ಟಪ್ ಇನ್‌ಕ್ಯುಬೇಟರ್ ಮಾಡಿದ್ದಾರೆ. ಅಂದರೆ ಹೊಸ ಉದ್ಯಮ ಶುರು ಮಾಡುವವರಿಗೆ ಜಾಗ, ಸಲಹೆ, ಪರಿಚಯ ಒದಗಿಸುವ ಕೇಂದ್ರ. ಹದಿನಾಲ್ಕು ತಂಡ ಸೇರಿ ಆರು ವಾರ ಆಗಿದೆ. ನಿನ್ನೆ 'ನೆಟ್‌ವರ್ಕಿಂಗ್ ಡೇ' ಅಂತ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ನಮ್ಮಂಥ ಏಳೆಂಟು ಸಣ್ಣ ಯೂನಿಟ್‌ನವರನ್ನು ಕರೆದಿದ್ದರು. ಮಕ್ಕಳು ನಮ್ಮ ಜೊತೆ ಮಾತಾಡಲಿ ಅಂತ. ಒಳ್ಳೇ ಯೋಚನೆ, ಅಲ್ವಾ? ನಾನೂ ಹಾಗೇ ಅಂದುಕೊಂಡು ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದೆ.

ಪ್ರಾರ್ಥನೆ ಆಯ್ತು. ದೀಪ ಹಚ್ಚಿದ್ದಾಯ್ತು, ಫ್ಯಾನ್ ಆರಿಸದೆ ಮೂರು ಸಲ ಹಚ್ಚಿದ್ದಾಯ್ತು. ಸ್ವಾಗತ ಭಾಷಣ. ಆಮೇಲೆ ಅತಿಥಿಗಳ ಪರಿಚಯ. ನನ್ನ ಬಗ್ಗೆ ಆರು ನಿಮಿಷ ಓದಿದರು. ಅದರಲ್ಲಿ ಅರ್ಧ ನನಗೇ ಹೊಸ ವಿಷಯ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಒಬ್ಬೊಬ್ಬರಿಗೂ. ಕೊನೆಗೆ ಬೆಂಗಳೂರಿನಿಂದ ಬಂದವರೊಬ್ಬರು 'ನೆಟ್‌ವರ್ಕಿಂಗ್ ಯಾಕೆ ಮುಖ್ಯ' ಅಂತ ಐವತ್ತು ನಿಮಿಷ ಮಾತಾಡಿದರು. ಆ ಐವತ್ತು ನಿಮಿಷ ಹಾಲ್‌ನಲ್ಲಿ ಬೇರೆ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ.

ಆಹ್ವಾನದ ಕಾರ್ಡಿನ ಕೊನೆಯಲ್ಲಿ ಒಂದು ಸಾಲು ಹೀಗಿತ್ತು: ನೆಟ್‌ವರ್ಕಿಂಗ್ ಟೀ, 4.10ರಿಂದ 4.30.

ಇಪ್ಪತ್ತು ನಿಮಿಷ! ದಿನದ ಹೆಸರೇ ಯಾವುದೋ, ಅದಕ್ಕೆ ಇಪ್ಪತ್ತು ನಿಮಿಷ. ಸಮೋಸದ ಕ್ಯೂ ದಾಟುವುದಕ್ಕೇ ಹತ್ತು ಬೇಕು.

ನಾನು ಯಾಕಿಷ್ಟು ಉರಿದುಕೊಳ್ಳುತ್ತಿದ್ದೇನೆ ಅಂದರೆ, ಪರಿಚಯ ಇಲ್ಲದೆ ಮುಳುಗಿದವನು ನಾನು. ಬೆಲ್ಲದ ಪುಡಿ ಕತೆ ಹಳಬರಿಗೆ ಗೊತ್ತು. ಪೂರ್ತಿ ಗೊತ್ತಿಲ್ಲ. 2012ರಲ್ಲಿ ಮಂಡ್ಯದ ಆಲೆಮನೆಗಳಿಂದ ಬೆಲ್ಲ ತಂದು, ಪುಡಿ ಮಾಡಿ, ಚಂದದ ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಡಿಗಳಿಗೆ ಕೊಟ್ಟೆ. ಬೇಸಿಗೆ ಪೂರ್ತಿ ನಾನೇ ರಾಜ. ಆಷಾಢದ ಜಡಿಮಳೆ ಹಿಡೀತು ನೋಡಿ, ಬೆಲ್ಲ ಗಾಳಿಯ ತೇವ ಎಳೆದುಕೊಂಡು ಕವರಿನೊಳಗೇ ಇಟ್ಟಿಗೆ ಆಯ್ತು. ಮಾಲೆಲ್ಲ ವಾಪಸ್. ಮೂರು ಲಕ್ಷ ಚಿಲ್ಲರೆ ಹೋಯ್ತು. ಹೆಂಡತಿಯ ಬಳೆ ಬ್ಯಾಂಕಿಗೆ ಹೋದದ್ದನ್ನು ಇವತ್ತೇ ಮೊದಲ ಸಲ ಬರೆಯುತ್ತಿದ್ದೇನೆ. (ಬೈಯಬೇಡ ಮಾರಾಯ್ತಿ, ಬಿಡಿಸಿಕೊಟ್ಟೆನಲ್ಲ.)

ತಮಾಷೆ ಏನು ಗೊತ್ತಾ? ಆಗ ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ. ದಿನಾ ಎರಡು ಸಲ ಸ್ಕೂಟರಿನಲ್ಲಿ ಕೆಆರ್‌ಎಸ್ ರಸ್ತೆ ಹಿಡಿದು ಹೋಗುತ್ತಿದ್ದೆ. ರೈಲ್ವೆ ಮ್ಯೂಸಿಯಂ ಎದುರಿಗೇ ಸಿಎಫ್‌ಟಿಆರ್‌ಐ. ಆಹಾರ ತಂತ್ರಜ್ಞಾನದ ಸಂಶೋಧನೆಗೆ ಅಂತಲೇ 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಇರುವ ಸಂಸ್ಥೆ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟವರು. ಪುಡಿ ಗಟ್ಟಿಯಾಗದಂತೆ ನೋಡಿಕೊಳ್ಳುವುದು ಅವರಿಗೆ ಹೊಸದೇ? ಒಂದು ದಿನವೂ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಕೇಳಲಿಲ್ಲ. ಒಂದು, ಸಂಕೋಚ. ಇನ್ನೊಂದು, ನನ್ನ ಐಡಿಯಾ ಕದ್ದುಬಿಡುತ್ತಾರೆ ಅಂತ ಭಯ. ಬೆಲ್ಲ ಪುಡಿ ಮಾಡುವ ಐಡಿಯಾ ಕಣ್ರೀ! ನಮ್ಮ ಅಜ್ಜಿ ಗುಂಡುಕಲ್ಲಿನಲ್ಲಿ ಮಾಡುತ್ತಿದ್ದ ಐಡಿಯಾ!

ಉತ್ತರ ಸಿಕ್ಕಿದ್ದು ಮರುವರ್ಷ, ಮದ್ದೂರಿನ ಹತ್ತಿರ ಒಂದು ಬೀಗರ ಊಟದಲ್ಲಿ. ಪಕ್ಕದಲ್ಲಿ ಕೂತಿದ್ದವರು ಹೆಣ್ಣಿನ ಕಡೆಯವರ ದೂರದ ನೆಂಟರು. ಮುದ್ದೆ ಮುರಿಯುತ್ತಾ ನನ್ನ ಗೋಳು ಕೇಳಿ, "ಅಯ್ಯೋ, ಒಳಗೆ ಅಲ್ಯೂಮಿನಿಯಂ ಹಾಳೆ ಇರೋ ಮೂರು ಪದರದ ಪೌಚ್ ಹಾಕ್ಬೇಕಿತ್ತು ಕಣಪ್ಪ" ಅಂದರು. ಅಷ್ಟೇ. ಸಾರು ಬಡಿಸುವವನು ಎರಡನೇ ಸುತ್ತು ಬರುವಷ್ಟರಲ್ಲಿ ನನ್ನ ಮೂರು ಲಕ್ಷದ ಪ್ರಶ್ನೆಗೆ ಉತ್ತರ. ಈಗ ನಾನು ಮಾಡುತ್ತಿರುವುದೂ ಅದೇ ಪೌಚಿನ ಕೆಲಸ. ಅವರ ಕೈಕೆಳಗೇ ಕಲಿತದ್ದು.

ಇದು ನನ್ನೊಬ್ಬನ ಅದೃಷ್ಟ ಅಲ್ಲ. ಅಮೆರಿಕದ ಮಾರ್ಕ್ ಗ್ರನೋವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಬರೆದಿದ್ದಾರೆ. ಪರಿಚಯದವರಿಂದ ಕೆಲಸ ಸಿಕ್ಕಿದವರನ್ನು, ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದರು. ಪದೇಪದೇ ಅಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಯಾವಾಗಲೋ ಒಮ್ಮೆ, ಇಲ್ಲವೇ ತೀರಾ ಅಪರೂಪಕ್ಕೆ ಅಂದರು. ದಿನಾ ಸಿಗುವ ಗೆಳೆಯನಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವನು ಬೀಗರ ಊಟದ ಪಕ್ಕದ ಎಲೆಯವನು.

ಸರಿ, ಸಮೋಸಕ್ಕೆ ಬರೋಣ. ಮೂಲೆಯಲ್ಲಿ ಮಳವಳ್ಳಿ ಕಡೆಯ ಇಬ್ಬರು ಹುಡುಗರು ಪ್ಲೇಟ್ ಹಿಡಿದು ನಿಂತಿದ್ದರು. ಬೆಲ್ಲದ ಪಾಕದ ಹದ ಹೇಳುವ ಯಂತ್ರ ಮಾಡಿದ್ದಾರಂತೆ. ಪಾಕ 118 ಡಿಗ್ರಿ ಮುಟ್ಟಿದರೆ ಅಲಾರಂ ಹೊಡೆಯುತ್ತದೆ. ನನಗೆ ಮೈ ಜುಮ್ಮೆಂದಿತು.

"ಯಾವ ಆಲೆಮನೆಯಲ್ಲಿ ನೋಡಿದ್ರಿ?"

"ಇಲ್ಲ ಸರ್, ಲ್ಯಾಬಲ್ಲಿ ಕರೆಂಟ್ ಒಲೆ ಮೇಲೆ ಸಕ್ಕರೆ ಪಾಕ ಮಾಡಿ ನೋಡಿದ್ವಿ."

"ಇಲ್ಲಿ ಯಾರನ್ನೂ ಕೇಳ್ಲಿಲ್ವಾ?"

"ಏನಂದ್ಕೋತಾರೋ ಅಂತ ಸರ್..."

ಪಕ್ಕದಲ್ಲೇ ಇನ್ನೊಂದು ತಂಡದ ಹುಡುಗಿ ಟೀ ಕುಡಿಯುತ್ತಿದ್ದಳು. ತಿರುಗಿ ಹೇಳಿದಳು, "ನಮ್ಮಪ್ಪಂದೇ ಆಲೆಮನೆ ಇದೆ. ಪಾಂಡವಪುರದ ಹತ್ರ." ಆರು ವಾರ! ಒಂದೇ ಹಾಲ್‌ನಲ್ಲಿ, ನಾಲ್ಕು ಟೇಬಲ್ ಆಚೆ. ಇವರಿಗೆ ಅವಳ ಹೆಸರೂ ಗೊತ್ತಿಲ್ಲ. ಅಲ್ಲೇ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅಪ್ಪನ ದನಿ: "ಬರ್ಲಿ ಬುಡವ್ವ. ನಾಳೆ ಬೆಳಿಗ್ಗೆ ಆರಕ್ಕೆ ಒಲೆ ಹಚ್ತೀವಿ, ಅಷ್ಟೊತ್ಗೆ ಇರ್ಬೇಕು ಅನ್ನು."

ಆಗ ಮೈಕು ಕೂಗಿತು: "ಎಲ್ಲರೂ ದಯವಿಟ್ಟು ಸಭಾಂಗಣಕ್ಕೆ ಬರಬೇಕು, ವಂದನಾರ್ಪಣೆ ಇದೆ."

ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿನ ಮೇಷ್ಟ್ರ ಹತ್ತಿರ ಇದನ್ನೇ ಹೇಳಿದೆ. ಪಾಪ, ಒಳ್ಳೆಯವರು. "ಸರ್, ಮುಖ್ಯ ಆಗೋದು ದುಡ್ಡು. ನಮ್ಮಲ್ಲಿ ಸೇರಿದ್ರೆ ಮುಂದೆ ಸೀಡ್ ಫಂಡಿಗೆ ದಾರಿ" ಅಂದರು. ನಿಜ. ಹೊಸ ಉದ್ಯಮಕ್ಕೆ ಆರಂಭದ ಹಣ ಕೊಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಇನ್‌ಕ್ಯುಬೇಟರ್ ಮೂಲಕ 20 ಲಕ್ಷದವರೆಗೂ ಗ್ರಾಂಟ್ ಇಟ್ಟಿದ್ದರು. ಆದರೆ 2012ರಲ್ಲಿ ನನ್ನ ಕೈಗೆ 20 ಲಕ್ಷ ಕೊಟ್ಟಿದ್ದರೆ ಏನು ಮಾಡುತ್ತಿದ್ದೆ ಹೇಳಿ? ಅದೇ ಕವರಿನಲ್ಲಿ 20 ಲಕ್ಷದ ಇಟ್ಟಿಗೆ ಮಾಡುತ್ತಿದ್ದೆ. "ಅತಿಥಿಗಳಿಗೆ ಮರ್ಯಾದೆ ಮಾಡದಿದ್ರೆ ಬೇಜಾರಾಗ್ತಾರೆ ಸರ್" ಅಂತ ಇನ್ನೊಂದು. ಆಗಲಿ ಬಿಡಿ! ಪೇಟ ಹಾಕದಿದ್ದರೆ ಬೇಜಾರಾಗುವವರು ಮಕ್ಕಳ ಪ್ರಶ್ನೆಗೆ ಉತ್ತರ ಕೊಡುತ್ತಾರಾ?

ಇನ್‌ಕ್ಯುಬೇಟರಿಗೆ ಸೇರಲಾ ಬೇಡ್ವಾ ಅಂತ ಇನ್‌ಬಾಕ್ಸಿನಲ್ಲಿ ಕೇಳುವ ಹುಡುಗರಿಗೆ: ಸೇರಿ. ಟೇಬಲ್ಲು, ವೈಫೈಗಲ್ಲ. ಪಕ್ಕದ ಟೇಬಲ್ಲಿನವರ ಅಪ್ಪ ಏನು ಮಾಡುತ್ತಾರೆ ಅಂತ ಮೊದಲ ದಿನವೇ ಕೇಳಿ.

ಇಷ್ಟು ಬರೆಯುವಷ್ಟರಲ್ಲಿ ಮಳವಳ್ಳಿ ಹುಡುಗನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕೊಪ್ಪರಿಗೆ ಪಕ್ಕ ನಿಂತಿದ್ದಾನೆ, ಮುಖವೆಲ್ಲ ಮಸಿ. ಕೆಳಗೆ ಬರೆದಿದ್ದಾನೆ: "ಸರ್, ಬೆಂಕಿಗೆ ವೈರ್ ಸುಟ್ಟೋಯ್ತು. ಬಿಸಿ ಬೆಲ್ಲ ಸೂಪರ್."