ಓವಾಜಿಕ್‌ಗೆ ಯಾರು ಯಜಮಾನ?

ಟರ್ಕಿ ರಾಜಕೀಯ ಅಂದ್ರೆ ನಮ್ಮವರು ಇಸ್ತಾಂಬುಲ್, ಅಂಕಾರಾ ಅಂತ ಅಲ್ಲೇ ನಿಂತುಬಿಡುತ್ತಾರೆ. ನನಗೆ ಕುತೂಹಲ ಜಾಸ್ತಿ ಇರೋದು ಪೂರ್ವ ಅನಾಟೋಲಿಯಾದ ಓವಾಜಿಕ್ ಅನ್ನೋ ತಾಲ್ಲೂಕಿನ ಮೇಲೆ. ತುಂಜೆಲಿ ಪ್ರಾಂತ್ಯ, ಮುನ್ಝುರ್ ಬೆಟ್ಟಸಾಲಿನ ಬುಡ. ಬಂಡೆಗಳ ಸಂದಿಯಿಂದ ನೀರು ಬೆಳ್ಳಗೆ ಉಕ್ಕಿ ನದಿಯಾಗುವ ಜಾಗ. ಅಲೆವಿ ಅನ್ನೋ ಮುಸ್ಲಿಂ ಪಂಥದ ಜನ ಅಲ್ಲಿ ದೀಪ ಹಚ್ಚಿ ಹರಕೆ ಹೊರುತ್ತಾರೆ.

ಈ ಸೀಮೆಯ ಹಳೇ ಹೆಸರು ದೇರ್ಸಿಮ್. 1935ರ ಕೊನೆಗೆ ಅಂಕಾರಾ ಇದಕ್ಕಂತಲೇ ಒಂದು ಕಾನೂನು ಮಾಡಿ ಹೆಸರನ್ನೇ ಬದಲಿಸಿತು. ಪ್ರಾಂತ್ಯ ಆಳೋಕೆ ಬಂದವನು ಸೇನಾಧಿಕಾರಿ ಅಬ್ದುಲ್ಲಾ ಆಲ್ಪ್‌ದೋವಾನ್. ಸಂಸತ್ತನ್ನು ಕೇಳದೆ ಗಲ್ಲಿಗೇರಿಸುವ ಅಧಿಕಾರವೂ ಅವನಿಗಿತ್ತು. 1937-38ರಲ್ಲಿ ಸೈನ್ಯ ನುಗ್ಗಿತು, ವಿಮಾನಗಳು ಬಾಂಬ್ ಹಾಕಿದವು. 2011ರಲ್ಲಿ ಆಗಿನ ಪ್ರಧಾನಿ ಎರ್ಡೊವಾನ್ ಸರ್ಕಾರಿ ದಾಖಲೆ ತೋರಿಸಿ, ಸತ್ತವರು 13,806 ಅಂದರು, ಕ್ಷಮೆಯನ್ನೂ ಕೇಳಿದರು. 1990ರ ದಶಕದಲ್ಲಿ ಮತ್ತೆ ಹಳ್ಳಿಗಳನ್ನು ಖಾಲಿ ಮಾಡಿಸಿದರು.

ಇಂಥ ಊರಲ್ಲಿ 2014ರಲ್ಲಿ ಕಮ್ಯುನಿಸ್ಟ್ ಪಕ್ಷದ ಫಾತಿಹ್ ಮೆಹ್ಮೆತ್ ಮಾಚೋಲು ಪುರಸಭೆ ಅಧ್ಯಕ್ಷರಾದರು. ಮೊದಲು ಆರೋಗ್ಯ ಇಲಾಖೆಯ ಕೆಲಸದಲ್ಲಿದ್ದವರು. ಪುರಸಭೆಯ ಜಮಾ-ಖರ್ಚನ್ನು ದೊಡ್ಡದಾಗಿ ಬರೆಸಿ ಕಟ್ಟಡಕ್ಕೇ ತೂಗುಹಾಕಿಸಿದರು. ಬಸ್ ಪ್ರಯಾಣ ಉಚಿತ ಮಾಡಿದರು. ಪಾಳುಬಿದ್ದ ಸರ್ಕಾರಿ ಜಮೀನಲ್ಲಿ ಕಡಲೆ, ಬೀನ್ಸ್ ಬೆಳೆಸಿ, ಮಾರಿದ ದುಡ್ಡಲ್ಲಿ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟರು. ಅದು ಕಮ್ಯುನಿಸಮ್ಮೋ ಅಲ್ವೋ, ವಾದ ಇರಲಿ. ಲೆಕ್ಕ ಬಾಗಿಲಲ್ಲೇ ನೇತಾಡ್ತಿದ್ರೆ ಕದಿಯೋನಿಗೂ ಕೈ ನಡುಗುತ್ತೆ!

ಆದರೆ ಟರ್ಕಿಯಲ್ಲಿ ಪ್ರತಿ ತಾಲ್ಲೂಕಿಗೂ ಒಬ್ಬ ಕೈಮಕಾಮ್ ಇರುತ್ತಾನೆ. ನಮ್ಮ ತಹಶೀಲ್ದಾರರ ಹಾಗೆ, ಅಧಿಕಾರ ಇನ್ನೂ ಜಾಸ್ತಿ. ಅವನನ್ನು ಕಳಿಸೋದು ಅಂಕಾರಾ, ಊರಿನ ಓಟಲ್ಲ. 2024ರ ನವೆಂಬರ್‌ನಲ್ಲಿ ಓವಾಜಿಕ್‌ನ ಅಧ್ಯಕ್ಷ, ಟರ್ಕಿಯ ಮುಖ್ಯ ವಿರೋಧ ಪಕ್ಷ ಸಿಎಚ್‌ಪಿಯ ಮುಸ್ತಫಾ ಸರಿಗುಲ್ ಅವರಿಗೆ ಭಯೋತ್ಪಾದಕ ಸಂಘಟನೆಯ ಸದಸ್ಯ ಅಂತ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಗೃಹ ಸಚಿವಾಲಯ ಅವರನ್ನು ಇಳಿಸಿ ಕೈಮಕಾಮನನ್ನೇ ಕುರ್ಚಿಯಲ್ಲಿ ಕೂರಿಸಿತು. ಅದೇ ದಿನ ತುಂಜೆಲಿ ನಗರದಲ್ಲೂ ಹೀಗೇ ಆಯ್ತು.

ಮಾಮೂಲಿ ನಿಯಮದಂತೆ ಅಧ್ಯಕ್ಷರ ಜಾಗ ಖಾಲಿಯಾದರೆ ಪುರಸಭೆ ಸದಸ್ಯರೇ ಇನ್ನೊಬ್ಬರನ್ನು ಆರಿಸಬೇಕು. 2016ರ ತುರ್ತು ಪರಿಸ್ಥಿತಿಯಲ್ಲಿ ತಂದ ತಿದ್ದುಪಡಿ ಭಯೋತ್ಪಾದನೆ ಕೇಸುಗಳಲ್ಲಿ ಆ ಹಕ್ಕು ಕಿತ್ತುಕೊಂಡಿತು. ತುರ್ತು ಪರಿಸ್ಥಿತಿ 2018ರಲ್ಲೇ ಮುಗಿದರೂ ತಿದ್ದುಪಡಿ ಹಾಗೇ ಉಳಿದಿದೆ. ನನ್ನ ತಕರಾರು ಇರೋದೇ ಇಲ್ಲಿ. ಕೇಸು ಅಧ್ಯಕ್ಷರ ಮೇಲಿದ್ದರೆ ಅದನ್ನು ಕೋರ್ಟು ನೋಡಿಕೊಳ್ಳಲಿ. ಉಳಿದ ಸದಸ್ಯರ ತಪ್ಪೇನು? ಅವರನ್ನೂ ಅದೇ ಜನ ಓಟು ಹಾಕಿ ಕಳಿಸಿದ್ದಲ್ವಾ?