ಕೂತ ಮೇಲಿನ ಮೊದಲ ಹತ್ತು ನಿಮಿಷ

ಬರೆಯಬೇಕು, ಚಿತ್ರ ಬಿಡಿಸಬೇಕು, ಹಾಡಬೇಕು ಅಂತ ಆಸೆ ಇರುವವರಿಗೆಲ್ಲ ಈಗ ಸಿಗುವ ಸಲಹೆ ಒಂದೇ. ಬೆಳಗ್ಗೆ ಐದಕ್ಕೆ ಏಳಿ. ಜೊತೆಗೆ ಬ್ರಾಹ್ಮೀ ಮುಹೂರ್ತ ಅಂದುಬಿಟ್ಟರೆ ಮಾತಿಗೆ ತೂಕ ಜಾಸ್ತಿ. ನನಗೆ ಈ ಸಲಹೆ ಅರ್ಧಂಬರ್ಧ ಅನ್ನಿಸುತ್ತದೆ. ಐದಕ್ಕೆ ಎದ್ದವರು ಐದೂಕಾಲಿಗೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಖಾಲಿ ಹಾಳೆ ನೋಡುತ್ತ ಕೂರುತ್ತಾರೆ, ಕೈ ಫೋನಿನ ಕಡೆ ಹೋಗುತ್ತದೆ, ಅಷ್ಟರಲ್ಲಿ ಆರಾಗಿರುತ್ತದೆ. ನಾಲ್ಕು ದಿನ ಹೀಗಾದರೆ ಐದನೇ ದಿನ ಏಳುವ ಮನಸ್ಸೇ ಬರುವುದಿಲ್ಲ. ಅದು ಸೋಮಾರಿತನ ಅಲ್ಲವೇ ಅಲ್ಲ.

ಕರ್ನಾಟಕ ಸಂಗೀತ ಕಲಿಯುವವರನ್ನು ನೋಡಿ. ಶ್ರುತಿ ಹಾಕಿಕೊಂಡು ಕೂತ ಮೇಲೆ, ಮೊದಲು ಏನು ಅಂತ ಅವರು ಯೋಚಿಸುವುದೇ ಇಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಅನ್ನುವ ಮೊದಲ ಸ್ವರಪಾಠ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಆಮೇಲೆ ಜಂಟಿ ವರಸೆ, ಅಲಂಕಾರ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಂಬಿಕೆ. ಇದಕ್ಕೆ ಸ್ಫೂರ್ತಿ ಬೇಕಿಲ್ಲ, ಮೂಡ್ ಬೇಕಿಲ್ಲ. ಬಾಯಿ ಬಿಟ್ಟರೆ ಸಾಕು. ಹಿಂದೂಸ್ತಾನಿಯವರಲ್ಲಿ ಖರಜ್ ರಿಯಾಜ್ ಇದೆ. ಬೆಳಗಿನ ಜಾವ ತಂಬೂರಿ ಮೀಟುತ್ತ, ಮಂದ್ರ ಸಪ್ತಕದ, ಅಂದರೆ ಕೆಳಗಿನ ಸ್ಥಾಯಿಯ, ಒಂದೊಂದೇ ಸ್ವರಕ್ಕೆ ಇಳಿದು, ಉಸಿರು ಇರುವಷ್ಟು ಹೊತ್ತು ಅಲ್ಲೇ ನಿಲ್ಲುವುದು. ಗಂಟಲು ಬಿಚ್ಚಿಕೊಳ್ಳುವ ಹೊತ್ತಿಗೆ ಮನಸ್ಸೂ ಬಂದು ಕೂತಿರುತ್ತದೆ. ರಾಗ ಬೆಳೆಸುವ ಮಾತು ಅದಾದ ಮೇಲೆ. ದೊಡ್ಡ ಕಲಾವಿದರಾದ ಮೇಲೂ ಇದನ್ನು ಬಿಡದವರಿದ್ದಾರೆ.

ಬರೆಯುವವರಿಗೆ ಇಂಥ ಸರಳೆ ವರಸೆಯನ್ನು ಯಾರೂ ಹೇಳಿಕೊಡುವುದಿಲ್ಲ. ಅವರವರದನ್ನು ಅವರವರೇ ಕಟ್ಟಿಕೊಳ್ಳಬೇಕು. ದಿನಚರಿ ಅಂದರೆ ನನ್ನ ಮಟ್ಟಿಗೆ ಇದೇ. ಎಷ್ಟು ಗಂಟೆಗೆ ಕೂರುತ್ತೀರಿ ಅನ್ನುವುದಕ್ಕಿಂತ, ಕೂತ ತಕ್ಷಣ ಕೈ ಏನು ಮಾಡುತ್ತದೆ ಅನ್ನುವುದು ಮುಖ್ಯ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಆಂಥೊನಿ ಟ್ರಾಲಪ್ ಅಂತ ಒಬ್ಬ ಕಾದಂಬರಿಕಾರ ಇದ್ದರು. ಅಂಚೆ ಇಲಾಖೆ ನೌಕರ. ಬರೆದಿದ್ದು 47 ಕಾದಂಬರಿ. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಅವರ ಬಗ್ಗೆ ಎಲ್ಲರೂ ಹೇಳುವುದು ಇಷ್ಟೇ. ಆದರೆ ಮೊದಲ ಅರ್ಧ ಗಂಟೆ ಅವರು ಹೊಸದಾಗಿ ಏನೂ ಬರೆಯುತ್ತಿರಲಿಲ್ಲ. ಹಿಂದಿನ ದಿನ ಬರೆದಿದ್ದನ್ನು ಓದುತ್ತಿದ್ದರು, ವಾಕ್ಯಗಳ ಸದ್ದು ಸರಿಯಿದೆಯಾ ಅಂತ ಕಿವಿಗೊಟ್ಟು ನೋಡುತ್ತಿದ್ದರು. ನನ್ನ ಪ್ರಕಾರ ಗುಟ್ಟು ಇರುವುದು ಆ ಅರ್ಧ ಗಂಟೆಯಲ್ಲಿ. 250 ಪದ ಅದರ ಹಿಂದೆ ತಾನಾಗಿ ಬಂದಿದ್ದು.

ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದರು, ಮನೆಯಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳು. ಅವರು ಬರೆಯುತ್ತಿದ್ದಿದ್ದು ಮಕ್ಕಳು ಏಳುವ ಮುಂಚೆ. ಕತ್ತಲಿರುವಾಗಲೇ ಕಾಫಿ ಮಾಡಿಕೊಂಡು, ಕುಡಿಯುತ್ತ, ಬೆಳಕು ಬರುವುದನ್ನು ನೋಡುತ್ತಿದ್ದರು. ಅದೇ ಅವರ ಶುರು. ಕಥೆಗಾರ ಕಾಫ್ಕಾ ಪೂರ್ತಿ ಉಲ್ಟಾ. ಪ್ರಾಗ್‌ನ ವಿಮಾ ಕಚೇರಿಯಲ್ಲಿ ಮಧ್ಯಾಹ್ನ ಎರಡರವರೆಗೆ ಕೆಲಸ, ಬರವಣಿಗೆ ರಾತ್ರಿ ಹನ್ನೊಂದರ ಸುಮಾರಿಗೆ. ಹಾಗಾಗಿ ರಾತ್ರಿ ಪಾಳಿ ಮಾಡುವವರು, ಎಳೆ ಮಗು ಇರುವವರು ಐದು ಗಂಟೆಯ ಚಿಂತೆ ಬಿಟ್ಟುಬಿಡಿ.

ನಾನು ಮಾಡುವುದು ಇಷ್ಟು. ಬರೆಯುವುದೆಲ್ಲ ಕಂಪ್ಯೂಟರಿನಲ್ಲಿ, ಆದರೆ ಕೂತ ತಕ್ಷಣ ಹಿಂದಿನ ದಿನದ ಕೊನೆಯ ಪ್ಯಾರಾವನ್ನು ಪೆನ್ನಿನಲ್ಲಿ, ಹಾಳೆಯ ಮೇಲೆ ನಕಲು ಮಾಡುತ್ತೇನೆ. ತಲೆ ಓಡಿಸುವ ಕೆಲಸವೇ ಅಲ್ಲ ಅದು. ಬರೆಯುತ್ತಾ ಬರೆಯುತ್ತಾ ಯಾವುದೋ ಒಂದು ಪದ ಚುಚ್ಚುತ್ತದೆ, ಬದಲಾಯಿಸುತ್ತೇನೆ, ಅಲ್ಲಿಂದ ಮುಂದಿನ ಸಾಲು ಹೊರಡುತ್ತದೆ. ಹೊರಡದ ದಿನವೂ ಇದೆ. ಆ ದಿನ ಆ ಪ್ಯಾರಾ ಒಂದಿಷ್ಟು ಚೊಕ್ಕವಾಗಿರುತ್ತದೆ, ಸಾಕು. ಕಥೆ ಬರೆಯುವವರಿಗೆ ಇನ್ನೊಂದು ಮಾತು. ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಅಂದಿನ ಬರವಣಿಗೆ ನಿಲ್ಲಿಸುತ್ತೇನೆ ಅಂತ ಅಮೆರಿಕದ ಲೇಖಕ ಹೆಮಿಂಗ್ವೇ ಹೇಳುತ್ತಿದ್ದರು. ನಾಳೆಯ ಮೊದಲ ಹತ್ತು ನಿಮಿಷವನ್ನು ಇವತ್ತೇ ತೆಗೆದಿಟ್ಟ ಹಾಗೆ. ಇದನ್ನು ಮಾಡಿ ನೋಡಿ, ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಆದರೆ ಆ ಹತ್ತು ನಿಮಿಷ ನಡುವೆ ತುಂಡಾಗಬಾರದು. ಮೂರನೇ ನಿಮಿಷಕ್ಕೆ ‘ಟವೆಲ್ ಎಲ್ಲಿದೆ’ ಅಂತ ಕೂಗು ಬಂದರೆ ಮತ್ತೆ ಮೊದಲಿಂದ ಶುರು. ದಿನಚರಿ ಬಗ್ಗೆ ಮಾತಾಡುವವರು ಈ ವಿಷಯ ಎತ್ತುವುದೇ ಇಲ್ಲ. ಟ್ರಾಲಪ್ ಅವರನ್ನು ಕಾಫಿ ಕೊಟ್ಟು ಎಬ್ಬಿಸಲು ಒಬ್ಬ ವಯಸ್ಸಾದ ಕುದುರೆ ಆಳು ಇದ್ದ, ಅದಕ್ಕಾಗಿ ಅವನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿ ಅನ್ನುವ ಅರ್ಥದ ಮಾತನ್ನು ಟ್ರಾಲಪ್ ತಮ್ಮ ಆತ್ಮಕಥೆಯಲ್ಲಿ ಬರೆದರು. ನಮ್ಮ ಕಡೆ ಎಷ್ಟು ಜನ ಹೀಗೆ ಹೇಳಿದ್ದಾರೆ? ಕನ್ನಡದ ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ನಲವತ್ತೈದು ದಾಟಿದ ಮೇಲೂ ಬರೆಯಲೇ ಆಗದೆ ಹೋದ ಹೆಂಗಸರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ನಾನು ಕೇಳುವುದು ಬರೆಯುವವರನ್ನಲ್ಲ, ಅವರ ಮನೆಯವರನ್ನು. ನಿಮ್ಮ ಮನೆಯಲ್ಲಿ ಅಮ್ಮ, ಹೆಂಡತಿ, ಸೊಸೆ ಯಾರಾದರೂ ನೋಟ್‌ಬುಕ್ ಹಿಡಿದು ಕೂರುತ್ತಾರಾ? ಆ ಹೊತ್ತಿನ ಕುಕ್ಕರ್, ಕಾಲಿಂಗ್ ಬೆಲ್, ಮಗುವಿನ ಸ್ಕೂಲ್ ಬ್ಯಾಗ್ ನೀವು ನೋಡಿಕೊಳ್ಳಿ. ಅವರು ಕೇಳಲಿ ಅಂತ ಕಾಯಬೇಡಿ. ನಾಳೆಯಿಂದಲೇ ಶುರು ಮಾಡಿ.